ಬಣ್ಣದ ಕೆಳಗಿನ ತುಕ್ಕು

ಮಳೆಗಾಲದ ರಾತ್ರಿ ಅಂಗಳದಲ್ಲಿ ಮರೆತುಬಿಟ್ಟ ಕತ್ತಿಯನ್ನು ಬೆಳಗಾದ ಮೇಲೆ ಎತ್ತಿ ನೋಡಿ. ಅದರ ಅಲಗಿನ ಮೇಲೆ ಕೆಂಗಂದು ಕಲೆಗಳು ಮೂಡಿರುತ್ತವೆ. ಮುಟ್ಟಿದರೆ ಬೆರಳಿಗೂ ಬಣ್ಣ ಹತ್ತುತ್ತದೆ. ಇದೇ ತುಕ್ಕು. ಗುದ್ದಲಿ, ಬಾವಿಯ ರಾಟೆ, ಕಿಟಕಿಯ ಸರಳು ಮೊದಲಾದ ಕಬ್ಬಿಣದ ಯಾವ ವಸ್ತುವನ್ನೂ ಅದು ಬಿಡುವುದಿಲ್ಲ. ಕತ್ತಿಯ ತುಕ್ಕನ್ನೇನೋ ಕಲ್ಲಿಗೆ ಮಸೆದು ಕಳೆಯಬಹುದು. ಆದರೆ ಸುಮಾರು ಒಂದು ಮಿಲಿಮೀಟರು ಅಥವಾ ಅದಕ್ಕೂ ತೆಳುವಾದ ಉಕ್ಕಿನ ತಗಡಿನಿಂದ ಮಾಡಿದ, ಮೇಲೆ ಬಣ್ಣದ ಹೊದಿಕೆಯುಳ್ಳ ಹಳೆಯ ಮೋಟಾರು ಕಾರಿಗೆ ತುಕ್ಕು ಹಿಡಿದರೆ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ತುಕ್ಕಿನ ಸ್ವಭಾವವನ್ನು ಮೊದಲು ತಿಳಿಯಬೇಕು.

ಭೂಮಿಯಲ್ಲಿ ಕಬ್ಬಿಣವು ಸಾಮಾನ್ಯವಾಗಿ ಶುದ್ಧ ಲೋಹವಾಗಿ ದೊರೆಯುವುದಿಲ್ಲ. ಸಂಡೂರಿನ ಬೆಟ್ಟಗಳ ಕೆಂಪು ಅದಿರಿನಲ್ಲಿ ಅದು ಆಮ್ಲಜನಕದೊಡನೆ ಕೂಡಿಕೊಂಡಿದೆ. ಊದುಕುಲುಮೆಯ ಮಹಾತಾಪದಲ್ಲಿ ಆ ಬಂಧವನ್ನು ಬಿಡಿಸಿ ನಾವು ಲೋಹವನ್ನು ಪಡೆಯುತ್ತೇವೆ. ಅವಕಾಶ ದೊರೆತೊಡನೆ ಕಬ್ಬಿಣವು ಪುನಃ ಆಮ್ಲಜನಕದೊಡನೆ ಸೇರಿಬಿಡುತ್ತದೆ. ತುಕ್ಕು ಹಿಡಿಯುವುದೆಂದರೆ ಕಬ್ಬಿಣವು ಮಣ್ಣೆಂಬ ತನ್ನ ತವರಿಗೆ ಮರಳುವುದು ಎನ್ನಬಹುದು.

ಇದಕ್ಕೆ ಗಾಳಿ ಮತ್ತು ನೀರು ಎರಡೂ ಬೇಕು. ನೀರು ಸೋಂಕದ ಒಣಗಾಳಿಯಲ್ಲಿಟ್ಟ ಮೊಳೆ ಹೊಳೆಯುತ್ತಲೇ ಇರುತ್ತದೆ. ಕುದಿಸಿ ಗಾಳಿಯನ್ನು ಹೊರಡಿಸಿ, ಮೇಲೆ ಎಣ್ಣೆಯ ಪದರ ಹರಡಿದ ನೀರಿನಲ್ಲಿಟ್ಟ ಮೊಳೆಗೂ ಬಹುಕಾಲ ತುಕ್ಕು ಹಿಡಿಯದು. ಗಾಳಿಯೂ ನೀರೂ ಕೂಡಿದಲ್ಲಿ ಮಾತ್ರ ಲೋಹದ ಮೇಲೆ ಕಣ್ಣಿಗೆ ಕಾಣದ ಸಣ್ಣ ವಿದ್ಯುತ್ಕೋಶಗಳು ಏರ್ಪಟ್ಟು ಕಬ್ಬಿಣ ಕರಗತೊಡಗುತ್ತದೆ. ನೀರಿನಲ್ಲಿ ಉಪ್ಪು ಸೇರಿದರೆ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ಈ ಕ್ರಿಯೆ ಮತ್ತಷ್ಟು ಚುರುಕಾಗುತ್ತದೆ. ಕಡಲ ತೀರದ ಊರುಗಳಲ್ಲಿ ವಾಹನಗಳು ಬೇಗ ಕೆಡುವುದು ಈ ಕಾರಣದಿಂದಲೇ.

ಅಲ್ಯೂಮಿನಿಯಮ್ ಲೋಹವೂ ಆಮ್ಲಜನಕದೊಡನೆ ಸೇರುತ್ತದೆ. ಆದರೆ ಅಲ್ಲಿ ಉಂಟಾಗುವ ಪದರ ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡು ಒಳಭಾಗಕ್ಕೆ ಕವಚವಾಗುತ್ತದೆ. ತುಕ್ಕಿನ ಗುಣ ಇದಕ್ಕೆ ವಿರುದ್ಧ. ಅದು ಸಡಿಲ, ರಂಧ್ರಮಯ. ತೇವವನ್ನು ಹಿಡಿದಿಟ್ಟುಕೊಂಡು ಕೆಳಗಿನ ಲೋಹವನ್ನು ತಿನ್ನುತ್ತ ಹೋಗುತ್ತದೆ. ಅಲ್ಲದೆ ಅದು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಬಣ್ಣದ ಮೇಲೆ ಗುಳ್ಳೆಗಳು ಏಳುವುದು ಇದರಿಂದ. ಗುಳ್ಳೆ ಕಾಣಿಸಿದಾಗ ತುಕ್ಕು ಆರಂಭವಾಯಿತೆಂದು ತಿಳಿಯುವುದು ತಪ್ಪು; ಅದು ಒಳಗೆ ಬಹಳ ದೂರ ನಡೆದಿದೆಯೆಂದೇ ತಿಳಿಯಬೇಕು.

ನಮ್ಮ ದೇಶದ ರಸ್ತೆಗಳಲ್ಲಿ ಬಹುಕಾಲ ಮೆರೆದ ಅಂಬಾಸಿಡರ್ ಕಾರನ್ನು ಬಲ್ಲದವರು ವಿರಳ. ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಅದು ತಯಾರಾಯಿತು. ಲಾರಿಗೆ ಇರುವಂತೆ ಅದಕ್ಕೆ ಪ್ರತ್ಯೇಕವಾದ ಅಡಿಗಟ್ಟು ಇಲ್ಲ. ನೆಲದ ತಗಡು, ಬಾಗಿಲುಗಳ ಕೆಳಗಿನ ಟೊಳ್ಳು ಪಟ್ಟಿಗಳು, ಕಂಬಗಳು, ಮೇಲ್ಛಾವಣಿ ಎಲ್ಲವೂ ಬೆಸೆದುಕೊಂಡು ಭಾರವನ್ನು ಹೊರುತ್ತವೆ. ಇಂತಹ ಕಾರಿನಲ್ಲಿ ತುಕ್ಕು ಕೇವಲ ಅಂದದ ಕೊರತೆಯಲ್ಲ. ಅದು ಬೆನ್ನೆಲುಬಿಗೆ ತಗುಲಿದ ರೋಗ.

ಈ ಮಾತನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. 1995ರಲ್ಲಿ ಕರಾವಳಿಯ ಊರೊಂದರಲ್ಲಿ ಉಪಾಧ್ಯಾಯನಾಗಿದ್ದಾಗ ನನ್ನಲ್ಲಿ ಹಳೆಯ ಅಂಬಾಸಿಡರ್ ಒಂದಿತ್ತು. ಅದರ ಬಾಗಿಲುಗಳ ಕೆಳಗಂಚಿನಲ್ಲಿ ಗುಳ್ಳೆಗಳೆದ್ದಿದ್ದವು. ಹಿಂಬದಿಯ ನೆಲದಲ್ಲಿಯೂ ಕೆಂಪು ಪುಡಿ ಉದುರುತ್ತಿತ್ತು. ಗ್ಯಾರೇಜಿನವರು ಎರಡೇ ದಿನಗಳಲ್ಲಿ ಪುಟ್ಟಿ ಮೆತ್ತಿ, ಬಣ್ಣ ಹೊಡೆದು, ನೆಲಕ್ಕೆ ಹೊಸ ರಬ್ಬರು ಹಾಸಿ ಕೊಟ್ಟರು. ಖರ್ಚು ಕಡಿಮೆಯಾಯಿತೆಂದು ನಾನು ಹಿಗ್ಗಿದೆ. ಮರುವರ್ಷದ ಆಷಾಢದಲ್ಲಿ ಒಂದು ದಿನ, ನನ್ನ ಎಂಟು ವರ್ಷದ ಮಗಳು ಕಾರಿನಿಂದ ಇಳಿಯಲೆಂದು ಎದ್ದು ನಿಂತಳು. ಕಾಲ ಕೆಳಗಿನ ತಗಡು ಕುಸಿದು ಅವಳ ಪಾದ ರಸ್ತೆಗೆ ತಾಗಿತು. ಕಾರು ನಿಂತಿದ್ದುದರಿಂದ ತರಚು ಗಾಯವಷ್ಟೇ ಆಯಿತು. ಓಡುತ್ತಿದ್ದರೆ? ಆ ಯೋಚನೆ ಇಂದಿಗೂ ನನ್ನನ್ನು ಬೆಚ್ಚಿಸುತ್ತದೆ. ತಪ್ಪು ಗ್ಯಾರೇಜಿನವರದು ಮಾತ್ರವಲ್ಲ. ತುಕ್ಕನ್ನು ಕಾಣದಂತೆ ಮಾಡಿದರೆ ಸಾಕೆಂದು ಬಯಸಿದವನು ನಾನೇ. ‘ಮೇಲೆ ತಳುಕು, ಒಳಗೆ ಹುಳುಕು’ ಎಂಬ ಗಾದೆಗೆ ನನ್ನ ಕಾರು ಉದಾಹರಣೆಯಾಗಿತ್ತು.

ಹಾಗಾದರೆ ತುಕ್ಕು ಎಲ್ಲಿ ಅಡಗುತ್ತದೆ? ನೀರು ಬಂದು ಹೋಗುವಲ್ಲಿ ಅಲ್ಲ, ಬಂದು ನಿಲ್ಲುವಲ್ಲಿ. ಕಿಟಕಿಯ ಗಾಜಿನ ಸಂದಿನಿಂದ ಬಾಗಿಲಿನೊಳಕ್ಕೆ ಇಳಿದ ಮಳೆಯ ನೀರು ಹೊರಹೋಗಲೆಂದು ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಮಣ್ಣು, ಎಲೆಚೂರುಗಳಿಂದ ಅವು ಮುಚ್ಚಿಹೋದರೆ ಬಾಗಿಲು ನೀರಿನ ತೊಟ್ಟಿಯಾಗುತ್ತದೆ. ಚಕ್ರಗಳ ಮೇಲಿನ ಕಮಾನುಗಳಲ್ಲಿ ಕೆಸರು ಗಟ್ಟಿಯಾಗಿ ಕುಳಿತು ತೇವವನ್ನು ಕಾಪಾಡುತ್ತದೆ. ನೆಲಹಾಸಿನ ಅಡಿ, ಮುಂಗಾಜಿನ ರಬ್ಬರು ಪಟ್ಟಿಯ ಸಂದು, ಡಿಕ್ಕಿಯ ತಳ, ಆಮ್ಲ ತುಳುಕುವ ಬ್ಯಾಟರಿಯ ಕೆಳಭಾಗ ಇವೂ ತುಕ್ಕಿನ ಮನೆಗಳೇ. ತಿರುಪುಳಿಯ ಹಿಡಿಯಿಂದ ಮೆಲ್ಲನೆ ತಟ್ಟಿ ನೋಡಿ. ಗಟ್ಟಿ ತಗಡು ಖಣಿಲೆನ್ನುತ್ತದೆ. ಸವೆದ ತಗಡಿನ ದನಿ ಮಂಕಾಗಿರುತ್ತದೆ.

ತುಕ್ಕು ಮೇಲ್ಮೈಯಲ್ಲಿ ಮಾತ್ರ ಇದ್ದರೆ ಚಿಕಿತ್ಸೆ ಸುಲಭ. ಆ ಜಾಗವನ್ನು ತೊಳೆದು ಒಣಗಿಸಿ, ತಂತಿಯ ಬ್ರಷ್ಷು ಮತ್ತು ಉಪ್ಪುಕಾಗದಗಳಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಬೇಕು. ಕಲೆಯ ಅಂಚಿಗೆ ನಿಲ್ಲದೆ, ಸುತ್ತಲಿನ ಗಟ್ಟಿ ಬಣ್ಣ ಸಿಗುವವರೆಗೂ ಮುಂದುವರಿಯಬೇಕು. ಏಕೆಂದರೆ ತುಕ್ಕು ಬಣ್ಣದ ಅಡಿಯಲ್ಲಿ ಸುತ್ತಲೂ ಹರಡಿರುತ್ತದೆ. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವ ಉಂಟು; ಆದ್ದರಿಂದ ಮೂಗುಬಾಯಿಗಳಿಗೆ ಮುಸುಕು, ಕಣ್ಣಿಗೆ ಕನ್ನಡಕ ಅವಶ್ಯ. ಸಣ್ಣ ಗುಣಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವುಳ್ಳ ದ್ರಾವಣವನ್ನು ಸವರಿದರೆ ಅದು ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡುತ್ತದೆ. ಅನಂತರ ತಡಮಾಡದೆ ಪ್ರೈಮರ್ ಎಂಬ ತಳಬಣ್ಣವನ್ನು ಬಳಿಯತಕ್ಕದ್ದು. ಬರಿಯ ಉಕ್ಕನ್ನು ಮಳೆಗಾಲದಲ್ಲಿ ಒಂದು ರಾತ್ರಿ ಹಾಗೆಯೇ ಬಿಟ್ಟರೂ ಪುನಃ ಕೆಂಪೇರುತ್ತದೆ. ತಗ್ಗುಗಳನ್ನು ಸಮಮಾಡಲು ತೆಳುವಾಗಿ ಪುಟ್ಟಿ ಹಚ್ಚಿ, ಉಜ್ಜಿ, ಕೊನೆಗೆ ಮೇಲ್ಬಣ್ಣ ಕೊಡಬಹುದು. ತುಕ್ಕಿನ ಮೇಲೆಯೇ ಪುಟ್ಟಿ ಹಚ್ಚುವುದು ಮಾತ್ರ ಎಂದಿಗೂ ಸಲ್ಲದು.

ತಗಡು ತೂತಾಗಿದ್ದರೆ ಬೇರೆ ದಾರಿಯಿಲ್ಲ. ಕೆಟ್ಟ ಭಾಗವನ್ನು ಗಟ್ಟಿ ಲೋಹದವರೆಗೂ ಕತ್ತರಿಸಿ ತೆಗೆದು, ಅದೇ ದಪ್ಪದ ಹೊಸ ತಗಡನ್ನು ಬೆಸೆಯಬೇಕು. ಇದು ನುರಿತ ಟಿಂಕರಿನವರ ಕೆಲಸ. ಬೆಸುಗೆಗೆ ಮುನ್ನ ಬ್ಯಾಟರಿಯ ಸಂಪರ್ಕ ತಪ್ಪಿಸುವುದು, ಪೆಟ್ರೋಲಿನ ತೊಟ್ಟಿಯನ್ನೂ ನೆಲಹಾಸನ್ನೂ ದೂರವಿರಿಸುವುದು ಪ್ರಾಣರಕ್ಷಣೆಯ ನಿಯಮಗಳು. ಹೊಸ ತಗಡಿನ ಒಳಮೈಗೂ ಬಣ್ಣ ಅಥವಾ ಮೇಣದ ಲೇಪ ತಲುಪದಿದ್ದರೆ ಪಟ್ಟ ಶ್ರಮವೆಲ್ಲ ಕೆಲವೇ ಮಳೆಗಾಲಗಳಲ್ಲಿ ವ್ಯರ್ಥವಾಗುತ್ತದೆ.

ಉಕ್ಕನ್ನು ಕಾಪಾಡಲು ವಿಜ್ಞಾನ ಕಂಡುಕೊಂಡ ಉಪಾಯಗಳಲ್ಲಿ ಸತುವಿನ ಲೇಪ ಮುಖ್ಯವಾದುದು. 1837ರಲ್ಲಿ ಫ್ರಾನ್ಸಿನ ಸೊರೆಲ್ ಎಂಬಾತನು ಇದಕ್ಕೆ ಹಕ್ಕುಪತ್ರ ಪಡೆದನು. ಲೇಪದ ಮೇಲೆ ಗೀರು ಬಿದ್ದರೂ ಸತುವು ತಾನು ಮೊದಲು ಕರಗಿ ಉಕ್ಕನ್ನು ಉಳಿಸುತ್ತದೆ. ಇಂದಿನ ಅನೇಕ ಕಾರುಗಳ ತಗಡುಗಳಿಗೆ ಈ ರಕ್ಷಣೆಯಿದೆ. ಹಳೆಯ ಕಾರುಗಳಿಗೆ ಅದರ ಒಡೆಯನ ಎಚ್ಚರವೇ ರಕ್ಷೆ. ಮಳೆಗಾಲಕ್ಕೆ ಮೊದಲು ಬಾಗಿಲಿನ ತೂತುಗಳನ್ನು ತಂತಿಯಿಂದ ಬಿಡಿಸುವುದು, ಕಡಲತೀರಕ್ಕೆ ಹೋಗಿಬಂದ ಮೇಲೆ ಅಡಿಭಾಗವನ್ನು ಸಿಹಿನೀರಿನಿಂದ ತೊಳೆಯುವುದು, ನೆಲಹಾಸನ್ನು ಎತ್ತಿ ಒಣಗಿಸುವುದು ಇವಕ್ಕೆ ಹಣ ಬೇಕಿಲ್ಲ. ಒದ್ದೆ ಕಾರಿಗೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸುವುದು ರಕ್ಷಣೆಯಂತೆ ಕಂಡರೂ ತೇವವನ್ನು ಸೆರೆಹಿಡಿದು ಕೇಡನ್ನೇ ಮಾಡುತ್ತದೆ.

ನನ್ನ ಕಾರಿನ ನೆಲವನ್ನು ಅಂದು ಪೂರ್ತಿಯಾಗಿ ಕತ್ತರಿಸಿ ಹೊಸದನ್ನು ಬೆಸೆಯಬೇಕಾಯಿತು. ಗುಳ್ಳೆಯೆದ್ದಾಗಲೇ ಉಜ್ಜಿಸಿದ್ದರೆ ಅಷ್ಟು ವೆಚ್ಚವೂ ಇರುತ್ತಿರಲಿಲ್ಲ, ಮಗಳಿಗೆ ಗಾಯವೂ ಆಗುತ್ತಿರಲಿಲ್ಲ. ಉಗುರಿನಿಂದ ಹೋಗುವುದನ್ನು ಕೊಡಲಿಯವರೆಗೆ ಬೆಳೆಯಗೊಟ್ಟದ್ದು ನನ್ನ ಆಲಸ್ಯ. ತುಕ್ಕನ್ನು ಮುಚ್ಚಿದರೆ ಅದು ಬೆಳೆಯುತ್ತದೆ. ಬಯಲಿಗೆಳೆದು ಬುಡದವರೆಗೆ ಕೆರೆದರೆ ಮಾತ್ರ ನಿಲ್ಲುತ್ತದೆ. ಬಣ್ಣ ಬಳಿಯುವ ಕೆಲಸ ಎಂದಿಗೂ ಕೊನೆಯದಾಗಬೇಕು, ಮೊದಲನೆಯದಲ್ಲ.