ಕಚೇರಿ ಕಟ್ಟಡದೊಳಗೆ ನಿಸ್ತಂತು ಜಾಲವೋ, ಕೇಬಲ್ ಜಾಲವೋ: ಅರ್ಜಿದಾರರ ಮಾಹಿತಿಗಾಗಿ

ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ಸಾರ್ವಜನಿಕರು ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಸಾಮಾಜಿಕ ಭದ್ರತಾ ಪಿಂಚಣಿ ಮುಂತಾದ ಸೇವೆಗಳಿಗೆ ಕಚೇರಿಯಲ್ಲಿ ಸಲ್ಲಿಸುವ ಅರ್ಜಿಗಳು ಗಣಕಯಂತ್ರದ ಮೂಲಕ ಸ್ವೀಕೃತವಾಗುತ್ತವೆ. ಕೌಂಟರಿನ ಗಣಕಯಂತ್ರವನ್ನು ಕಟ್ಟಡದೊಳಗಿನ ಜಾಲಕ್ಕೆ ಹೇಗೆ ಜೋಡಿಸಲಾಗಿದೆ ಎಂಬುದು ಕಚೇರಿಯ ಆಂತರಿಕ ವಿಷಯವೆಂದು ತೋರಬಹುದು. ಆದರೆ ಜೋಡಣೆ ಕಡಿತಗೊಂಡಾಗ ಆ ದಿನದ ಕೂಲಿಯನ್ನೂ ಬಸ್ಸಿನ ವೆಚ್ಚವನ್ನೂ ಕಳೆದುಕೊಳ್ಳುವವರು ಸರತಿಯಲ್ಲಿ ನಿಂತ ಅರ್ಜಿದಾರರೇ ಆಗಿರುತ್ತಾರೆ. ಕಾಳಿ ಕಣಿವೆಯ ಕಾಡಿನಂಚಿನ ಊರುಗಳಿಂದ ಜೋಯಿಡಾಕ್ಕೆ ಬರುವವರಿಗೆ ‘ನಾಳೆ ಬನ್ನಿ’ ಎಂಬ ಉತ್ತರವು ಸಣ್ಣದಲ್ಲ.

ಇದರಲ್ಲಿ ಕಾನೂನಿನ ಅಂಶವೂ ಅಡಗಿದೆ. ‘ಸಕಾಲ’ ಎಂದು ಪರಿಚಿತವಾಗಿರುವ 2011ರ ಸೇವೆಗಳ ಖಾತರಿ ಅಧಿನಿಯಮದಂತೆ ಸೇವೆ ವಿಳಂಬವಾದಲ್ಲಿ ಅರ್ಜಿದಾರರು ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ.ವರೆಗೆ ಪರಿಹಾರ ಕೋರಬಹುದು. ಆದರೆ ಕಾಲಮಿತಿಯ ಗಣನೆಯು ಅರ್ಜಿ ದಾಖಲಾಗಿ ಸ್ವೀಕೃತಿ ಸಂಖ್ಯೆ ದೊರೆತ ನಂತರವಷ್ಟೇ ಆರಂಭವಾಗುತ್ತದೆ. ಕೌಂಟರಿನಲ್ಲಿಯೇ ಜಾಲ ನಿಂತುಹೋದರೆ ಆ ವಿಳಂಬವು ಯಾವ ಲೆಕ್ಕಕ್ಕೂ ಸೇರುವುದಿಲ್ಲ.

‘ಭೂಮಿ’ ಯೋಜನೆಯು 2002ರ ವೇಳೆಗೆ ರಾಜ್ಯದ 177 ತಾಲ್ಲೂಕುಗಳನ್ನು ತಲುಪಿದಾಗ ಪಹಣಿಯ ದತ್ತಾಂಶವು ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲಿಯೇ ಇರುತ್ತಿತ್ತು. ದಾಂಡೇಲಿಯು ಆಗ ಹಳಿಯಾಳ ತಾಲ್ಲೂಕಿನ ಭಾಗವಾಗಿತ್ತು. ಪ್ರತ್ಯೇಕ ತಾಲ್ಲೂಕಿನ ಘೋಷಣೆಯಾದದ್ದು 2017ರ ಆಯವ್ಯಯದಲ್ಲಿ. ಇಂದು ದತ್ತಾಂಶವು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿದೆ. ಆದುದರಿಂದ ಅರ್ಜಿಯು ಮೂರು ಹಂತಗಳನ್ನು ದಾಟಬೇಕಾಗುತ್ತದೆ: ಕೌಂಟರಿನಿಂದ ಕಟ್ಟಡದ ಜಾಲಕೊಠಡಿಗೆ, ಅಲ್ಲಿಂದ ಹೊರಗಿನ ಮಾರ್ಗದ ಮೂಲಕ ಬೆಂಗಳೂರಿಗೆ, ಕೊನೆಯದಾಗಿ ಸರ್ವರ್‌ಗೆ. ಈ ಮೂರರಲ್ಲಿ ಯಾವುದು ಕೆಟ್ಟರೂ ಕೌಂಟರಿನಲ್ಲಿ ಕೇಳಿಬರುವುದು ‘ಸರ್ವರ್ ಇಲ್ಲ’ ಎಂಬ ಒಂದೇ ಮಾತು. ಕಟ್ಟಡ ನಿರ್ಮಿಸುವವರ ಕೈಯಲ್ಲಿ ಪೂರ್ಣವಾಗಿ ಇರುವುದು ಮೊದಲನೆಯ ಹಂತ ಮಾತ್ರ.

ನಿಸ್ತಂತು ಜಾಲ, ಅಂದರೆ ವೈ-ಫೈ, ಗೋಡೆ ಕೊರೆಯದೆ ಒಂದೇ ದಿನದಲ್ಲಿ ಸಿದ್ಧವಾಗುತ್ತದೆ. ಅದರ ಆಕರ್ಷಣೆಯೂ ಅದೇ. ಆದರೆ ಒಂದು ಉಪಕರಣಕ್ಕೆ ಜೋಡಣೆಯಾದ ಎಲ್ಲ ಗಣಕಯಂತ್ರಗಳೂ ಒಂದೇ ತರಂಗಮಾರ್ಗವನ್ನು ಹಂಚಿಕೊಳ್ಳಬೇಕು. ಸಾಮಾನ್ಯವಾಗಿ ಒಂದು ಯಂತ್ರ ಕಳುಹಿಸುವಾಗ ಉಳಿದವು ಕಾಯಬೇಕು. ಹತ್ತು ಸರತಿಗಳಿಗೆ ಒಂದೇ ಕೌಂಟರ್ ತೆರೆದಂತೆ ಇದು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದಕ್ಕೊಂದು ತಾಗದ ಮಾರ್ಗಗಳು ಮೂರೇ: 1, 6 ಮತ್ತು 11. ಭಾರತದಲ್ಲಿ 2005ರಿಂದ ಈ ಪಟ್ಟಿಯ ಅಲ್ಪಶಕ್ತಿ ಉಪಕರಣಗಳಿಗೆ ಪರವಾನಗಿ ಬೇಕಿಲ್ಲ. ಹಾಗೆಯೇ, ಬೇರೆಯವರ ಉಪಕರಣದಿಂದ ಅಡಚಣೆಯಾದರೆ ರಕ್ಷಣೆ ಕೇಳುವ ಹಕ್ಕೂ ಇಲ್ಲ. ನಿರೀಕ್ಷಣಾ ಸ್ಥಳದಲ್ಲಿ ಕುಳಿತವರ ಮೊಬೈಲ್ ಹಾಟ್‌ಸ್ಪಾಟ್‌ಗಳು ಇದೇ ಪಟ್ಟಿಯಲ್ಲಿ ಕೆಲಸ ಮಾಡುವುದುಂಟು. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಮಾರ್ಗಗಳು ಹೆಚ್ಚು, ವೇಗವೂ ಹೆಚ್ಚು. ಗೋಡೆ ದಾಟುವ ಸಾಮರ್ಥ್ಯ ಮಾತ್ರ ಕಡಿಮೆ.

ಈ ಭಾಗದ ಕಟ್ಟಡಗಳಲ್ಲಿ ಗೋಡೆಯ ಪ್ರಶ್ನೆಯೇ ದೊಡ್ಡದು. ದಪ್ಪನೆಯ ಚಿರೇಕಲ್ಲಿನ ಗೋಡೆಯು ತರಂಗಗಳನ್ನು ಕುಗ್ಗಿಸುತ್ತದೆ. ನೀರು ತರಂಗಗಳನ್ನು ಹೀರಿಕೊಳ್ಳುವುದರಿಂದ ಮಳೆಗಾಲದಲ್ಲಿ ತೇವ ಹಿಡಿದ ಗೋಡೆಯು ಇನ್ನಷ್ಟು ಕುಗ್ಗಿಸುತ್ತದೆ. ದಾಖಲೆ ಕೊಠಡಿಯ ಉಕ್ಕಿನ ಅಲ್ಮೇರಾಗಳು, ತಗಡಿನ ಮೇಲ್ಛಾವಣಿ ತರಂಗಗಳನ್ನು ಹಿಂದಕ್ಕೆ ತಳ್ಳುತ್ತವೆ. ಬೇಸಿಗೆಯಲ್ಲಿ ಪರೀಕ್ಷಿಸಿ ಒಪ್ಪಿಕೊಂಡ ವ್ಯವಸ್ಥೆಯು ಶ್ರಾವಣದಲ್ಲಿಯೂ ಅಷ್ಟೇ ಚೆನ್ನಾಗಿ ನಡೆಯುವುದೆಂದು ಭಾವಿಸಲಾಗದು. ಜೋಯಿಡಾದಷ್ಟು ಮಳೆ ಮುಂಡಗೋಡಿನಲ್ಲಿ ಬೀಳುವುದಿಲ್ಲವಾದ್ದರಿಂದ ಒಂದೇ ನಕ್ಷೆಯನ್ನು ನಾಲ್ಕೂ ಕಡೆ ಅನ್ವಯಿಸುವುದೂ ಸರಿಯಲ್ಲ.

ತಾಮ್ರದ ಕೇಬಲ್‌ನಲ್ಲಿ ಪ್ರತಿ ಯಂತ್ರಕ್ಕೂ ಸ್ವಿಚ್‌ವರೆಗೆ ಪ್ರತ್ಯೇಕ ಮಾರ್ಗವಿರುತ್ತದೆ. ಕ್ಯಾಟ್-5ಇ ಅಥವಾ ಕ್ಯಾಟ್-6 ಕೇಬಲ್‌ನಲ್ಲಿ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗ ದೊರೆಯುತ್ತದೆ. ಈ 100 ಮೀಟರ್‌ನಲ್ಲಿ ಗೋಡೆಯೊಳಗಿನ ಭಾಗ 90 ಮೀಟರ್ ಮೀರಬಾರದು. ಉಳಿದ 10 ಮೀಟರ್ ಎರಡೂ ತುದಿಗಳ ಜೋಡಣಾ ತಂತಿಗೆ ಮೀಸಲು. ಉದ್ದನೆಯ ಕಟ್ಟಡದಲ್ಲಿ ಈ ಮಿತಿ ಮೀರಿದರೆ ನಡುವೆ ಇನ್ನೊಂದು ಸ್ವಿಚ್ ಇಡಬೇಕು, ಇಲ್ಲವೇ ಆಪ್ಟಿಕಲ್ ಫೈಬರ್ ಬಳಸಬೇಕು. ಕೇಬಲ್‌ಗೂ ಶತ್ರುಗಳಿದ್ದಾರೆ: ಇಲಿ, ತೇವ, ಮತ್ತು ಬಣ್ಣ ಬಳಿಯಲು ಬಂದವರ ಅವಸರ. ಗಟ್ಟಿಯಾದ ಕೊಳವೆಯೊಳಗೆ ಹಾಕಿ, ಎರಡೂ ತುದಿಗೆ ಸಂಖ್ಯೆ ಬರೆದಿಟ್ಟರೆ ದೋಷವನ್ನು ಬೇಗ ಪತ್ತೆಹಚ್ಚಬಹುದು.

ವೆಚ್ಚದ ಬಗ್ಗೆ ಒಂದು ಮಾತು ಅಗತ್ಯ. ಅಂದಾಜುಪಟ್ಟಿಯಲ್ಲಿ ನಿಸ್ತಂತು ವ್ಯವಸ್ಥೆಯು ಅಗ್ಗವಾಗಿ ಕಾಣುವುದು ಸಹಜ. ಏಕೆಂದರೆ ಕೇಬಲ್ ಹಾಕುವ ಕೂಲಿಯು ಮೊದಲ ವರ್ಷದಲ್ಲಿಯೇ ಖರ್ಚಾಗಿ ಬರುತ್ತದೆ, ಕೆಟ್ಟ ಜೋಡಣೆಯಿಂದಾಗುವ ನಷ್ಟವು ಯಾವ ಲೆಕ್ಕಶೀರ್ಷಿಕೆಯಲ್ಲಿಯೂ ಬರುವುದಿಲ್ಲ. ಗೋಡೆಯಲ್ಲಿ ಹುದುಗಿದ ಕೇಬಲ್ ಹಲವು ಬಾರಿ ಉಪಕರಣ ಬದಲಾದರೂ ಉಳಿಯುತ್ತದೆ. ಗಾರೆ ಹಾಕುವ ಮೊದಲೇ ಕೊಳವೆ ಇಟ್ಟಲ್ಲಿ ವೆಚ್ಚ ಇನ್ನೂ ಕಡಿಮೆ.

ಹೀಗಾಗಿ ಅರ್ಜಿ ಸ್ವೀಕೃತಿ ಕೌಂಟರ್, ಬೆರಳಚ್ಚು ಸಾಧನ ಹಾಗೂ ಪ್ರಮಾಣಪತ್ರ ಮುದ್ರಿಸುವ ಯಂತ್ರಗಳಿಗೆ ಕೇಬಲ್ ಜೋಡಣೆಯೇ ಯೋಗ್ಯ. ಸಭಾಂಗಣ, ಸ್ಥಳ ಬದಲಿಸುವ ಲ್ಯಾಪ್‌ಟಾಪ್‌ಗಳು, ಗೋಡೆ ಕೊರೆಯಲಾಗದ ಹಳೆಯ ಕಟ್ಟಡಗಳಿಗೆ ನಿಸ್ತಂತು ಜಾಲವನ್ನು ಬಳಸಬಹುದು. ಆಗಲೂ ಪ್ರತಿ ನಿಸ್ತಂತು ಉಪಕರಣದವರೆಗೆ ಕೇಬಲ್ ಎಳೆಯುವುದು ಮೇಲು. ಸಾರ್ವಜನಿಕರ ವೈ-ಫೈ ಇದ್ದಲ್ಲಿ ಅದನ್ನು ಕಚೇರಿಯ ಜಾಲದಿಂದ ಪ್ರತ್ಯೇಕವಾಗಿ ಇರಿಸತಕ್ಕದ್ದು. ಒಂದೇ ಆವರಣದ ಎರಡು ಕಟ್ಟಡಗಳ ನಡುವೆ ತಾಮ್ರದ ತಂತಿ ಎಳೆದರೆ ಸಿಡಿಲಿನ ವಿದ್ಯುತ್ ಅದರ ಮೂಲಕ ಎರಡೂ ಕಡೆಯ ಯಂತ್ರಗಳನ್ನು ಸುಡಬಹುದು. ಅಲ್ಲಿ ವಿದ್ಯುತ್ ಹರಿಯದ ಫೈಬರ್ ಸೂಕ್ತ. ಯಾವ ಜಾಲವಾದರೂ ವಿದ್ಯುತ್ ಹೋದಾಗ ಯುಪಿಎಸ್ ಬೇಕೇ ಬೇಕು. ಗಣಕಯಂತ್ರಕ್ಕೆ ಯುಪಿಎಸ್ ಇದ್ದು ಸ್ವಿಚ್‌ಗೆ ಇಲ್ಲದಿದ್ದರೆ ಪ್ರಯೋಜನವಿಲ್ಲ.

ಕೌಂಟರಿನಲ್ಲಿ ‘ಸರ್ವರ್ ಇಲ್ಲ’ ಎಂದು ತಿಳಿಸಿದಾಗ, ಪಕ್ಕದ ಕೌಂಟರಿನಲ್ಲಿ ಕೆಲಸ ನಡೆಯುತ್ತಿದೆಯೇ ಎಂದು ಅರ್ಜಿದಾರರು ಗಮನಿಸಬಹುದು. ಅಲ್ಲಿ ಅದೇ ಸೇವೆ ನಡೆಯುತ್ತಿದ್ದರೆ ದೋಷವು ಬಹುತೇಕ ಆ ಯಂತ್ರದಲ್ಲಿ ಅಥವಾ ಕಟ್ಟಡದೊಳಗಿನ ಜೋಡಣೆಯಲ್ಲಿದೆ. ಅರ್ಜಿಯನ್ನು ಆ ಕೌಂಟರಿನಲ್ಲಿ ಸ್ವೀಕರಿಸುವಂತೆ ಮೇಲ್ವಿಚಾರಕರನ್ನು ಕೋರಬಹುದು. ಎಲ್ಲ ಕೌಂಟರುಗಳೂ ನಿಂತಿದ್ದಲ್ಲಿ, ಊರಿಗೆ ಹತ್ತಿರದ ನಾಡಕಚೇರಿಯಲ್ಲಿ ಪಹಣಿ ಮತ್ತು ಪ್ರಮಾಣಪತ್ರಗಳ ಸೇವೆ ಲಭ್ಯವಿರುತ್ತದೆ. ಎಲ್ಲಿಯೇ ಸಲ್ಲಿಸಿದರೂ ಸ್ವೀಕೃತಿ ಚೀಟಿಯನ್ನು ಪಡೆದು, ಅದರ ಮೇಲಿನ ಸಂಖ್ಯೆ ಮತ್ತು ದಿನಾಂಕವನ್ನು ಪರಿಶೀಲಿಸಿದ ನಂತರವೇ ಕೌಂಟರ್ ಬಿಡತಕ್ಕದ್ದು.