ಪದವಿಗೆ ಒಂದು ವರ್ಷದ ತೂಕ

ತುರ್ವಿಹಾಳದಲ್ಲಿ ಪಿಯುಸಿ ಮುಗಿಸಿದ ಹುಡುಗಿ ಸೈಬರ್ ಭದ್ರತೆಯ ಕೆಲಸಕ್ಕೆ ಹೋಗುತ್ತೇನೆ ಎಂದರೆ, ಮನೆಯವರು ಮೊದಲು ಕೇಳುವುದು ಸೀಟಿನ ವಿಚಾರ. 2019ರಲ್ಲಿ ಶುರುವಾದ ರಾಯಚೂರಿನ ಐಐಐಟಿ ಜಿಲ್ಲೆಯಲ್ಲೇ ಇದೆ. ಆದರೆ ಅಲ್ಲಿ ಬಿ.ಟೆಕ್ ಸೇರಲು ಜೆಇಇ ಮೇನ್ ದಾಟಬೇಕು. ಸೀಟು ಸಿಗದಿದ್ದರೆ ಮುಂದೇನು?

ಪದವಿ ಎಷ್ಟು ತೂಗುತ್ತದೆ ಎಂಬುದಕ್ಕೆ ಈ ಕ್ಷೇತ್ರದಲ್ಲೇ ಒಂದು ಲೆಕ್ಕವಿದೆ. ಸಿಐಎಸ್‌ಎಸ್‌ಪಿ ಎಂಬುದು ಜಗತ್ತಿನೆಲ್ಲೆಡೆ ಮಾನ್ಯತೆಯಿರುವ ಪ್ರಮಾಣಪತ್ರ. ಅದಕ್ಕೆ ಪರೀಕ್ಷೆ ಪಾಸಾದರೆ ಸಾಲದು, ಎಂಟು ವಿಷಯಗಳಲ್ಲಿ ಕನಿಷ್ಠ ಎರಡರಲ್ಲಿ ಒಟ್ಟು 5 ವರ್ಷ ದುಡಿದಿರಬೇಕು. ಕಂಪ್ಯೂಟರ್ ಸಂಬಂಧಿತ ಪದವಿ ಇದ್ದವರಿಗೆ ಇದರಲ್ಲಿ 1 ವರ್ಷ ಮಾತ್ರ ಮಾಫಿ. ನಾಲ್ಕು ವರ್ಷದ ಓದಿಗೆ ಒಂದು ವರ್ಷದ ಬೆಲೆ! ಇಂಟರ್ನ್‌ಶಿಪ್ ಕೂಡ ಅನುಭವದ ಲೆಕ್ಕಕ್ಕೆ ಬರುತ್ತದೆ.

ಅನುಭವಕ್ಕೆ ಇಷ್ಟು ಬೆಲೆ ಏಕೆಂದು ತಿಳಿಯಲು ಬೆಂಗಳೂರಿನ ಒಂದು ಪ್ರಸಂಗ ನೋಡೋಣ. ಫೇಸ್‌ಬುಕ್‌ನಲ್ಲಿ ಪಾಸ್‌ವರ್ಡ್ ಮರೆತರೆ ಮೊಬೈಲಿಗೆ ಆರಂಕಿಯ ಕೋಡ್ ಬರುತ್ತಿತ್ತು. ಆರು ಅಂಕಿ ಎಂದರೆ 10 ಲಕ್ಷ ಸಾಧ್ಯತೆ. ಕಂಪ್ಯೂಟರಿಗೆ ಅದೇನೂ ದೊಡ್ಡದಲ್ಲ. ಹಾಗಾಗಿಯೇ ಹತ್ತು-ಹನ್ನೆರಡು ತಪ್ಪು ಯತ್ನಗಳಾದ ಮೇಲೆ ಮುಖ್ಯ ತಾಣ ತಡೆಯೊಡ್ಡುತ್ತಿತ್ತು. 2016ರಲ್ಲಿ ಆನಂದ್ ಪ್ರಕಾಶ್ ಎಂಬ ಭದ್ರತಾ ತಜ್ಞರು ಫೇಸ್‌ಬುಕ್‌ನ ಪ್ರಯೋಗದ ತಾಣವಾದ ‘ಬೀಟಾ’ದಲ್ಲೂ ಅದೇ ತಡೆ ಇದೆಯೇ ಎಂದು ನೋಡಿದರು. ಇರಲಿಲ್ಲ. ತಮ್ಮದೇ ಖಾತೆಯ ಮೇಲೆ ಪರೀಕ್ಷಿಸಿ, ಕಂಪನಿಗೆ ತಿಳಿಸಿದರು. ಬಹುಮಾನವಾಗಿ 15,000 ಡಾಲರ್ ಬಂತು. ಹತ್ತು ಲಕ್ಷದ ಲೆಕ್ಕ ಪಿಯುಸಿ ಓದಿದವರಿಗೂ ಗೊತ್ತು. ಮುಂಬಾಗಿಲ ಬೀಗ ಗಟ್ಟಿಯಿದ್ದಾಗ ಹಿತ್ತಿಲ ಬಾಗಿಲನ್ನೂ ತಳ್ಳಿ ನೋಡಬೇಕೆಂಬುದು ಮಾತ್ರ ಮಾಡಿ ಮಾಡಿ ಬರುವ ಬುದ್ಧಿ.

ಹಾಗೆಂದು ಪದವಿ ದಂಡವಲ್ಲ. ಆನಂದ್ ಅವರೂ ಎಂಜಿನಿಯರಿಂಗ್ ಓದಿದವರೇ. ನೆಟ್‌ವರ್ಕ್, ಆಪರೇಟಿಂಗ್ ಸಿಸ್ಟಮ್, ಗೂಢಲಿಪಿಯ ಗಣಿತ ಇವನ್ನೆಲ್ಲ ಕ್ರಮವಾಗಿ ಕಲಿಯಲು ಕಾಲೇಜೇ ಸುಲಭದ ದಾರಿ. ಸರ್ಕಾರಿ ನೇಮಕಾತಿಯಲ್ಲಂತೂ ಅಧಿಸೂಚನೆ ಕೇಳಿದ ವಿದ್ಯಾರ್ಹತೆ ಇಲ್ಲದಿದ್ದರೆ ಎಂಥ ಜಾಣರ ಅರ್ಜಿಯೂ ಮುಂದೆ ಹೋಗದು.

ಊರಲ್ಲೇ ಕುಳಿತು ಅನುಭವ ಗಳಿಸಬಹುದು. ಒಂದು ಲ್ಯಾಪ್‌ಟಾಪ್‌ನೊಳಗೆ ಎರಡು ವರ್ಚುವಲ್ ಮಷೀನ್ ಹಾಕಿಕೊಂಡು, ಅಭ್ಯಾಸಕ್ಕೆಂದೇ ಲೋಪಗಳನ್ನಿಟ್ಟು ಮಾಡಿದ ‘ಜ್ಯೂಸ್ ಶಾಪ್’ನಂಥ ಉಚಿತ ತಂತ್ರಾಂಶದ ಮೇಲೆ ಕೈ ಪಳಗಿಸಬೇಕು. ಕಂಡ ಲೋಪ ಯಾವುದು, ಅದನ್ನು ಮುಚ್ಚುವುದು ಹೇಗೆ ಎಂದು ಒಂದೊಂದು ಪುಟ ಬರೆದಿಡಬೇಕು. ಸಂದರ್ಶನದಲ್ಲಿ ತೋರಿಸಲು ಆ ಪುಟಗಳೇ ಸಾಕ್ಷಿ.

ಒಂದು ಎಚ್ಚರಿಕೆ. ಕಲಿಯುವ ಹುರುಪಿನಲ್ಲಿ ಬ್ಯಾಂಕಿನದೋ ಕಚೇರಿಯದೋ ತಾಣವನ್ನು ಅನುಮತಿಯಿಲ್ಲದೆ ಕೆದಕಬಾರದು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ನೇ ಕಲಮಿನಡಿ ಇಂಥ ಅಪರಾಧಕ್ಕೆ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ತಮ್ಮ ಯಂತ್ರ, ಇಲ್ಲವೇ ಲೋಪ ಹುಡುಕಿ ಎಂದು ಕಂಪನಿಗಳೇ ಕರೆ ಕೊಟ್ಟ ತಾಣ: ಅಭ್ಯಾಸ ಅಷ್ಟಕ್ಕೇ ನಿಲ್ಲಬೇಕು.

ಬಿ.ಟೆಕ್ ಸೀಟು ಸಿಗದವರು ಬಿಸಿಎಯನ್ನೋ ಡಿಪ್ಲೊಮಾವನ್ನೋ ಓದುತ್ತಲೇ ಈ ಅಭ್ಯಾಸ ಶುರುಮಾಡಲಿ. ಸೀಟು ಸಿಕ್ಕವರೂ ಕೊನೆಯ ವರ್ಷದವರೆಗೆ ಕಾಯುವುದು ಬೇಡ. ಅವರಿಗೆ ಸಿಗುವ ಮಾಫಿ ಒಂದೇ ವರ್ಷ.