ಯಾವ ಗೆಲುವು ಹಿರಿದು?

ಮಲ್ಲರ ವಿಷಯದಲ್ಲಿ ನಮ್ಮ ಜನಕ್ಕೆ ಎರಡು ಬಗೆಯ ಸಂತೋಷಗಳಿವೆ. ಒಂದು, ಕುಸ್ತಿಯನ್ನು ನೋಡುವುದು. ಇನ್ನೊಂದು, ನೋಡಿದ ಮೇಲೆ ಅದನ್ನು ಕುರಿತು ವಾದಿಸುವುದು. ಮೊದಲನೆಯದು ಜಾತ್ರೆಯ ಒಂದು ಸಂಜೆಗೆ ಮುಗಿಯುತ್ತದೆ, ಎರಡನೆಯದಕ್ಕೆ ಮುಕ್ತಾಯವೆಂಬುದಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಡೆ ತೆಂಗಿನಕಾಯಿಯ ಕುಸ್ತಿಯಿಂದ ತೊಡಗಿ ಬೆಳ್ಳಿಯ ಕಡೆಯ ಕುಸ್ತಿಯವರೆಗೆ ಕಣ್ಣಾರೆ ಕಂಡವರು, ಊರಿಗೆ ಮರಳುವ ದಾರಿಯಲ್ಲಿ ಬೇರೆ ಮಾತನ್ನೇ ಆಡುವುದಿಲ್ಲ. ವಾಡಿ ಜಂಕ್ಷನ್ನಿನಲ್ಲಿ ಗಾಡಿಗಾಗಿ ಕಾಯುವಾಗಲೂ, ಶಹಾಬಾದಿನ ಚಹಾದಂಗಡಿಯ ಕಲ್ಲುಹಾಸಿನ ಮೇಲೆ ಕುಳಿತಾಗಲೂ ಅದೇ ಮಾತು: ಆ ಪೈಲ್ವಾನ ಹಿಡಿದ ಕುಸ್ತಿಗಳಲ್ಲಿ ಯಾವುದು ದೊಡ್ಡದು? ಇಂದಿನ ವಿದ್ಯಾರ್ಥಿಗಳು ಇದೇ ಪ್ರಶ್ನೆಯನ್ನು ಪರದೇಶದ ಮುಷ್ಟಿಮಲ್ಲರ ಬಗ್ಗೆ ಕೇಳುತ್ತಾರೆ. ಮಹಮ್ಮದ್ ಆಲಿಯ ಗೆಲುವುಗಳಲ್ಲಿ ಹಿರಿದು ಯಾವುದು, ಜೋ ಲೂಯಿಯದು ಯಾವುದು ಎಂದು. ಹೆಸರುಗಳು ಹೊಸವು, ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ.

ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡೆಯ ಇಂದಿನ ಆ ಶಾಂತ ಗ್ರಾಮ, ಒಂದು ಕಾಲಕ್ಕೆ ರಾಷ್ಟ್ರಕೂಟರ ಮಾನ್ಯಖೇಟ. ೯೭೩ರಲ್ಲಿ ಅವರನ್ನು ಗೆದ್ದ ಚಾಲುಕ್ಯ ತೈಲಪನು ಮೊದಲಿಗೆ ಅಲ್ಲಿಂದಲೇ ಆಳಿದನು. ಅವನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದ ರನ್ನನು, ತೈಲಪನ ಮಗ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ‘ಗದಾಯುದ್ಧ’ವನ್ನು ಬರೆದನು. ಭೀಮನು ಗೆದ್ದ ಕಾಳಗಗಳು ಒಂದೆರಡಲ್ಲ. ಹಿಡಿಂಬ, ಬಕ, ಜರಾಸಂಧ, ಕೀಚಕ, ಒಬ್ಬರಿಗಿಂತ ಒಬ್ಬರು ಬಲಿಷ್ಠರು. ಜರಾಸಂಧನೊಡನೆ ದಿನಗಟ್ಟಲೆ ಸೆಣಸಿದ್ದು ದೇಹಬಲದ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದೆನ್ನಬೇಕು. ಆದರೂ ರನ್ನನು ಆರಿಸಿಕೊಂಡದ್ದು ಕೊನೆಯ ಕಾಳಗವನ್ನು, ದುರ್ಯೋಧನನೊಡನೆ ನಡೆದುದನ್ನು. ಆರಿಸಿಕೊಂಡ ಮೇಲೆ ಅವನು ಮಾಡಿದ ಕೆಲಸವನ್ನು ನೋಡಿ: ಗೆದ್ದವನನ್ನು ಎತ್ತಿ ಹಿಡಿಯಲು ಹೊರಟ ಕವಿ, ಸೋಲುವವನನ್ನು ಅಷ್ಟೇ ಎತ್ತರಕ್ಕೆ ಏರಿಸಿದನು. ಎದುರಾಳಿ ಕುಬ್ಜನಾದರೆ ಗೆಲುವೂ ಕುಬ್ಜವಾಗುತ್ತದೆಂಬುದು ಅವನಿಗೆ ಗೊತ್ತಿತ್ತು.

ಆದರೆ ಆ ಗೆಲುವಿನಲ್ಲೊಂದು ಕಲೆಯುಂಟು. ಗದಾಯುದ್ಧದಲ್ಲಿ ನಾಭಿಯ ಕೆಳಗೆ ಹೊಡೆಯಬಾರದೆಂಬುದು ನಿಯಮ. ಭೀಮನು ಹೊಡೆದದ್ದು ತೊಡೆಗೆ. ಬಲರಾಮನು ಕೆರಳಿ ನೇಗಿಲೆತ್ತಿದ್ದು ಅದಕ್ಕಾಗಿಯೇ. ಮುಷ್ಟಿಯುದ್ಧದ ಕಣದಲ್ಲಿಯೂ ಸೊಂಟಪಟ್ಟಿಯ ಕೆಳಗಿನ ಏಟು ನಿಷಿದ್ಧ. ೧೯೩೦ರಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗನಿಗೆ ಜ್ಯಾಕ್ ಷಾರ್ಕಿ ಅಂಥದೊಂದು ಏಟು ಕೊಟ್ಟನು. ಷ್ಮೆಲಿಂಗನು ನೆಲಕ್ಕೆ ಬಿದ್ದು ನರಳುತ್ತಲೇ ಜಗಜ್ಜಟ್ಟಿಯಾದನು! ಕುರುಕ್ಷೇತ್ರದಲ್ಲಿ ಆ ಪಂದ್ಯದ ಪಂಚನಿದ್ದಿದ್ದರೆ ಹಸ್ತಿನಾವತಿ ಕೌರವನಿಗೇ ಉಳಿಯುತ್ತಿತ್ತೇನೋ. ಬಿದ್ದು ಗೆದ್ದ ಆ ಗೆಲುವನ್ನು ಷ್ಮೆಲಿಂಗನ ಹಿರಿಯ ಗೆಲುವೆಂದು ಯಾರೂ ಹೇಳುವುದಿಲ್ಲ. ಪಟ್ಟ ಬೇರೆ, ಹಿರಿಮೆ ಬೇರೆ ಎಂಬ ವಿವೇಕ ಪ್ರೇಕ್ಷಕರಿಗೆ ತಾನಾಗಿಯೇ ಬಂದಿರುತ್ತದೆ.

ಕಲ್ಯಾಣದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವೇ ಇದೆ. ಮಲ್ಲರನ್ನು ವಯಸ್ಸು ಬಲಗಳಿಂದ ವಿಂಗಡಿಸಿ, ಅವರ ಆಹಾರ, ಅಭ್ಯಾಸ, ಪಟ್ಟುಗಳನ್ನು ಹೇಳಿರುವ ಆ ರಾಜನಿಗೆ, ಸಮರಲ್ಲದವರ ಕಾಳಗ ಕಾಳಗವೇ ಅಲ್ಲವೆಂಬುದು ಸ್ಪಷ್ಟವಿತ್ತು. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಮ್ಮಲ್ಲಿ ಉಳಿದುಬಂದಿರುವ ನಿಜವಾದ ಮುಷ್ಟಿಯುದ್ಧ. ಅಲ್ಲಿ ತಲೆಯಿಂದ ಮೊದಲ ರಕ್ತಬಿಂದು ಚಿಮ್ಮಿದೊಡನೆ ಆಟ ಮುಗಿಯುತ್ತದೆ. ಹಿರಿದು ಕಿರಿದೆಂದು ತೂಗಿ ನೋಡಲು ಎಡೆಯಿಲ್ಲ.

ತೂಗಿ ನೋಡಲು ತಕ್ಕವನು ಗಾಮ ಪೈಲ್ವಾನ. ಅವನ ಹೆಸರು ನಮ್ಮ ಕಡೆಯ ತಾಲೀಮುಗಳಲ್ಲಿ ಇಂದಿಗೂ ಗಾದೆಯಂತೆ ಬಳಕೆಯಾಗುತ್ತದೆ. ಶಾಲೆಯ ಪುಸ್ತಕಗಳು ಹೇಳುವುದು ೧೯೧೦ರ ಲಂಡನ್ನಿನ ಕಥೆ. ಪೋಲೆಂಡಿನ ಸ್ಟಾನಿಸ್ಲಾಸ್ ಝ್ಬಿಸ್ಕೊ ಎರಡೂವರೆ ತಾಸಿಗೂ ಹೆಚ್ಚು ಹೊತ್ತು ನೆಲವನ್ನಪ್ಪಿ ಮಲಗಿ ಸೋಲನ್ನು ತಪ್ಪಿಸಿಕೊಂಡನು. ವಾರದ ಮೇಲೆ ಗೊತ್ತಾಗಿದ್ದ ಎರಡನೆಯ ಕುಸ್ತಿಗೆ ಬಾರದೆಯೇ ಹೋದನು. ಪಟ್ಟಿ ಗಾಮನ ಪಾಲಾಯಿತು. ಪರಾಧೀನ ದೇಶಕ್ಕೆ ಅದು ದೊಡ್ಡ ಸಂಗತಿ, ನಿಜ. ಆದರೆ ಎದುರಾಳಿ ಬಾರದ ಕುಸ್ತಿಯನ್ನು ಕುಸ್ತಿಪ್ರಿಯನು ಹೇಗೆ ಹಾಡಿ ಹೊಗಳುವುದು? ೧೯೨೮ರಲ್ಲಿ ಪಟಿಯಾಲದಲ್ಲಿ ಅದೇ ಝ್ಬಿಸ್ಕೊನನ್ನು ಗಾಮನು ಒಂದು ನಿಮಿಷ ತುಂಬುವ ಮೊದಲೇ ಚಿತ್ ಮಾಡಿದನು. ಆಗ ಇಬ್ಬರೂ ಐವತ್ತರ ಆಸುಪಾಸಿನವರು. ಹಳೆಯ ಸಾಲ ತೀರಿತೆನ್ನಬಹುದು, ಅಷ್ಟೆ. ನನ್ನ ಮಟ್ಟಿಗೆ ಗಾಮನ ಹಿರಿಯ ಗೆಲುವು, ಲಂಡನ್ನಿನಿಂದ ಮರಳಿದ ಮೇಲೆ ಅಲಹಾಬಾದಿನಲ್ಲಿ ರಹೀಂ ಬಕ್ಷ್ ಸುಲ್ತಾನಿವಾಲನ ಮೇಲೆ ಪಡೆದದ್ದು. ರಹೀಮನು ಏಳಡಿಗೆ ಸಮೀಪದ ಆಳು. ಗಾಮನು ಐದೂವರೆ ಅಡಿಗೆ ತುಸು ಮೇಲಿನವನು. ಅದಕ್ಕೆ ಮುಂಚೆ ಇಬ್ಬರೂ ಹಲವು ಬಾರಿ ಹಿಡಿದು ಸಮಸಮವಾಗಿ ಬೇರೆಯಾಗಿದ್ದರು. ಗೆಲ್ಲಲಾಗದವನನ್ನು ಗೆದ್ದದ್ದು ಅದು. ಲಂಡನ್ನಿನ ಪತ್ರಿಕೆಗಳು ಬರೆದದ್ದನ್ನೇ ನಾವು ಇನ್ನೂ ದೊಡ್ಡದೆಂದು ನಂಬಿರುವುದು ನಮ್ಮ ಹಳೆಯ ದೌರ್ಬಲ್ಯ.

ಜೋ ಲೂಯಿಯ ವಿಷಯದಲ್ಲಿ ಇದೇ ತೊಡಕು ಬೇರೆ ವೇಷದಲ್ಲಿ ಬರುತ್ತದೆ. ೧೯೩೬ರಲ್ಲಿ ಷ್ಮೆಲಿಂಗನು ಅವನನ್ನು ಹನ್ನೆರಡನೆಯ ಸುತ್ತಿನಲ್ಲಿ ಉರುಳಿಸಿದ್ದನು. (ಷ್ಮೆಲಿಂಗನ ನಿಜವಾದ ಹಿರಿಯ ಗೆಲುವು ಇದೇ, ಆಗ ಪಟ್ಟವಿರಲಿಲ್ಲ.) ೧೯೩೮ರ ಜೂನ್ ೨೨ರಂದು ನ್ಯೂಯಾರ್ಕಿನಲ್ಲಿ ಇಬ್ಬರೂ ಮತ್ತೆ ಎದುರಾದಾಗ ಒಬ್ಬನ ಬೆನ್ನಿಗೆ ಹಿಟ್ಲರನ ಜರ್ಮನಿ, ಇನ್ನೊಬ್ಬನ ಬೆನ್ನಿಗೆ ಕರಿಯರನ್ನು ಸಮಾನರೆಂದು ಕಾಣದ ಅಮೆರಿಕ. ಎರಡು ನಿಮಿಷ ನಾಲ್ಕು ಸೆಕೆಂಡಿನಲ್ಲಿ ಎಲ್ಲವೂ ಮುಗಿಯಿತು. ಇತಿಹಾಸದ ತಕ್ಕಡಿಯಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಕಣದ ತಕ್ಕಡಿಯಲ್ಲಿ? ೧೯೪೧ರಲ್ಲಿ ಬಿಲ್ಲಿ ಕಾನ್ ಎಂಬ ಹಗುರಮೈಯ ಚತುರನು ಹನ್ನೆರಡು ಸುತ್ತುಗಳು ಮುಗಿದಾಗ ಅಂಕಗಳಲ್ಲಿ ಲೂಯಿಗಿಂತ ಮುಂದಿದ್ದನು. ಹದಿಮೂರನೆಯ ಸುತ್ತಿನಲ್ಲಿ ಲೂಯಿ ಅವನನ್ನು ಕೆಡವಿದನು. ಕೈಬಿಟ್ಟುಹೋಗುತ್ತಿದ್ದುದನ್ನು ಮರಳಿ ಹಿಡಿದ ಆ ಗೆಲುವನ್ನು ಬಲ್ಲವರು ಮೇಲೆ ಇಡುತ್ತಾರೆ. ನನಗೆ ೧೯೩೮ನ್ನು ಬಿಟ್ಟುಕೊಡಲು ಮನಸ್ಸು ಬಾರದು. ಎದುರಾಳಿಯ ತೂಕದ ಜೊತೆಗೆ ಒಂದಿಡೀ ಜನಾಂಗದ ಮಾನದ ತೂಕವನ್ನು ಹೊತ್ತು, ಕೈ ನಡುಗದಂತೆ ಹೊಡೆಯುವುದೂ ಮುಷ್ಟಿವಿದ್ಯೆಯ ಒಂದು ಅಂಗವೇ.

ಇನ್ನು ಆಲಿ. ವಾದದ ಬೆಂಕಿ ಹೊತ್ತುವುದೇ ಇಲ್ಲಿ.

೧೯೬೪ರಲ್ಲಿ ಇಪ್ಪತ್ತೆರಡರ ಹುಡುಗ ಕ್ಯಾಸಿಯಸ್ ಕ್ಲೇ, ಎಲ್ಲರೂ ಹೆದರುತ್ತಿದ್ದ ಸನ್ನಿ ಲಿಸ್ಟನ್ನನನ್ನು ಏಳನೆಯ ಸುತ್ತಿಗೆ ಏಳದಂತೆ ಮಾಡಿದನು. ಅನಂತರ ಹೆಸರು ಬದಲಾಯಿತು, ಧರ್ಮ ಬದಲಾಯಿತು. ವಿಯೆಟ್ನಾಂ ಯುದ್ಧಕ್ಕೆ ಹೋಗಲೊಲ್ಲೆನೆಂದುದಕ್ಕೆ ೧೯೬೭ರಲ್ಲಿ ಪಟ್ಟವೂ ಹೋಯಿತು, ಯೌವನದ ಮೂರೂವರೆ ವರ್ಷಗಳೂ ಹೋದವು. ಮರಳಿ ಬಂದವನನ್ನು ೧೯೭೧ರಲ್ಲಿ ಜೋ ಫ್ರೇಜಿಯರ್ ಸೋಲಿಸಿದನು. ೧೯೭೩ರಲ್ಲಿ ಕೆನ್ ನಾರ್ಟನ್ ಸೋಲಿಸಿದನು. ಆ ಇಬ್ಬರನ್ನೂ ಎರಡೆರಡು ಸುತ್ತುಗಳಲ್ಲಿ ಅರೆದುಹಾಕಿದವನು ಜಾರ್ಜ್ ಫೋರ್‌ಮನ್. ನಲವತ್ತು ಕಾಳಗಗಳಲ್ಲಿ ಸೋಲೇ ಕಾಣದವನು. ೧೯೭೪ರ ಅಕ್ಟೋಬರ್ ೩೦ರಂದು ಅಂದಿನ ಝೈರಿನ ಕಿನ್ಷಾಸಾದಲ್ಲಿ ಮೂವತ್ತೆರಡರ ಆಲಿ ಇಪ್ಪತ್ತೈದರ ಫೋರ್‌ಮನ್ನನ ಎದುರು ನಿಂತಾಗ, ಅವನು ಜೀವಸಹಿತ ಇಳಿದು ಬಂದರೆ ಸಾಕೆಂದು ಹಿತೈಷಿಗಳು ಹಾರೈಸುತ್ತಿದ್ದರು.

ಆಲಿಯ ಹೆಸರಾಂತ ಬಲವೆಂದರೆ ಕಾಲಿನ ಚುರುಕು. ಆ ರಾತ್ರಿ ಅವನು ಅದನ್ನೇ ಬದಿಗಿಟ್ಟನು. ಹಗ್ಗಕ್ಕೆ ಒರಗಿ, ತೋಳುಗಳಿಂದ ಮುಖ ಮುಚ್ಚಿ, ಎದುರಾಳಿ ಹೊಡೆಹೊಡೆದು ದಣಿಯುವಂತೆ ಬಿಟ್ಟನು. ನಡುನಡುವೆ ಮಾತಿನಿಂದ ಕೆಣಕಿದನು. ಎಂಟನೆಯ ಸುತ್ತಿನಲ್ಲಿ ಒಮ್ಮೆಲೇ ತಿರುಗಿ ಕೆಡವಿದನು. ತನ್ನ ಕಾಲು ಇನ್ನು ಮೊದಲಿನಂತಿಲ್ಲವೆಂಬ ಕಹಿಸತ್ಯವನ್ನು ಒಪ್ಪಿಕೊಂಡು, ಆ ಒಪ್ಪಿಗೆಯಿಂದಲೇ ಹೊಸದೊಂದು ಪಟ್ಟನ್ನು ಕಂಡುಕೊಂಡ ಬುದ್ಧಿ ಅದು.

ಆದರೂ ಬಹುಮಂದಿ ಮನಿಲಾ ಎನ್ನುತ್ತಾರೆ. ೧೯೭೫ರ ಅಕ್ಟೋಬರ್ ೧ರಂದು ಫಿಲಿಪೈನ್ಸಿನ ಆ ಸುಡುಬಿಸಿಲ ಬೆಳಗಿನಲ್ಲಿ ಆಲಿ ಮತ್ತು ಫ್ರೇಜಿಯರ್ ಹದಿನಾಲ್ಕು ಸುತ್ತು ಬಡಿದಾಡಿದರು. ಫ್ರೇಜಿಯರನ ಕಣ್ಣು ಊದಿ ಮುಚ್ಚಿಹೋಗಿತ್ತು. ಹದಿನೈದನೆಯ ಸುತ್ತಿಗೆ ಏಳಹೊರಟವನನ್ನು ಅವನ ಗುರು ಎಡ್ಡಿ ಫಚ್ ತಡೆದು ಕೂರಿಸಿದನು. ಗೆದ್ದ ಆಲಿಯೂ ಕುಸಿದನು. ಸಾವಿನ ಸಮೀಪಕ್ಕೆ ಹೋಗಿಬಂದಂತಾಯಿತೆಂದನು. ಧೈರ್ಯದ ದೃಷ್ಟಿಯಿಂದ ಇದಕ್ಕೆ ಮಿಗಿಲಾದುದು ಇರಲಾರದು. ಆದರೂ ಇದನ್ನು ಹಿರಿಯ ಗೆಲುವೆನ್ನಲು ನನ್ನ ನಾಲಿಗೆ ಹಿಂಜರಿಯುತ್ತದೆ. ಅಲ್ಲಿ ಆ ದಿನ ಶ್ರೇಷ್ಠವಾದ ಕೆಲಸ ಮಾಡಿದವನು ಆಲಿಯೂ ಅಲ್ಲ, ಫ್ರೇಜಿಯರನೂ ಅಲ್ಲ; ಶಿಷ್ಯನ ಪಟ್ಟಕ್ಕಿಂತ ಶಿಷ್ಯನ ಪ್ರಾಣ ಮೇಲೆಂದ ಫಚ್. ೧೯೮೪ರಲ್ಲಿ ಆಲಿಗೆ ಪಾರ್ಕಿನ್ಸನ್ ರೋಗವೆಂದು ಗೊತ್ತಾಯಿತು. ಗಾಳಿಯಂತೆ ಹಗುರಾಗಿದ್ದ ಕೈ ನಡುಗತೊಡಗಿತು, ಹರಳು ಹುರಿದಂತೆ ಆಡುತ್ತಿದ್ದ ಮಾತು ತಡವರಿಸಿತು. ೨೦೧೬ರಲ್ಲಿ ತೀರಿಕೊಳ್ಳುವವರೆಗೆ ಜಗತ್ತು ಅದನ್ನು ನೋಡಿತು. ತಲೆಗೆ ಬಿದ್ದ ಏಟುಗಳಿಗೂ ಆ ರೋಗಕ್ಕೂ ಎಷ್ಟು ನಂಟೆಂಬುದನ್ನು ವೈದ್ಯರು ಚರ್ಚಿಸಲಿ. ಮನಿಲಾದ ಹದಿನಾಲ್ಕು ಸುತ್ತುಗಳನ್ನು ಮೆಚ್ಚುವಾಗ ನಾವು ಮೆಚ್ಚುತ್ತಿರುವುದು ಏನನ್ನೆಂದು ಮೆಚ್ಚುವವರೇ ಒಮ್ಮೆ ಕೇಳಿಕೊಳ್ಳಬೇಕು. ನನ್ನ ಮತ ಕಿನ್ಷಾಸಾಕ್ಕೆ.

ಕಿನ್ಷಾಸಾದಲ್ಲಿ ಬಿದ್ದವನ ಕಥೆಯೂ ರಸವತ್ತಾದದ್ದು. ಫೋರ್‌ಮನ್ ಧರ್ಮಬೋಧಕನಾಗಿ ಹತ್ತು ವರ್ಷ ಕಣದಿಂದ ದೂರವಿದ್ದು ಮರಳಿದನು. ೧೯೯೪ರಲ್ಲಿ, ನಲವತ್ತೈದರ ವಯಸ್ಸಿನಲ್ಲಿ, ಕಿನ್ಷಾಸಾದಲ್ಲಿ ತೊಟ್ಟಿದ್ದ ಅದೇ ಕೆಂಪು ಚಡ್ಡಿಯನ್ನು ತೊಟ್ಟು, ಒಂಬತ್ತು ಸುತ್ತು ಪೆಟ್ಟು ತಿಂದು, ಹತ್ತನೆಯದರಲ್ಲಿ ಮೈಕೇಲ್ ಮೂರರನನ್ನು ಕೆಡವಿ ಮತ್ತೆ ಜಗಜ್ಜಟ್ಟಿಯಾದನು. ೧೯೭೩ರಲ್ಲಿ ಫ್ರೇಜಿಯರನನ್ನು ಆರು ಸಲ ಬೀಳಿಸಿದ್ದು ಬಲದ ಗೆಲುವು, ಇದು ತಾಳ್ಮೆಯದು. ೨೦೨೫ರಲ್ಲಿ ಅವನು ತೀರಿಕೊಂಡಾಗ ಜನ ಹೆಚ್ಚಾಗಿ ನೆನೆದದ್ದು ಎರಡನೆಯದನ್ನೇ.

ನಮ್ಮ ನೆರೆಯ ಮಾತೂ ಇದೆ. ಸೇಡಂ ದಾಟಿದರೆ ತೆಲಂಗಾಣ. ಹಿಂದೆ ಎರಡೂ ಒಂದೇ ಹೈದರಾಬಾದು ಸಂಸ್ಥಾನ. ಆ ನಾಡಿನ ನಿಜಾಮಾಬಾದಿನ ನಿಖತ್ ಜರೀನ್ ೨೦೨೨ರಲ್ಲಿ ಇಸ್ತಾಂಬುಲಿನಲ್ಲಿ ಥಾಯ್ಲೆಂಡಿನ ಜುತಾಮಸ್ ಜಿತ್‌ಪಾಂಗಳನ್ನು ೫-೦ಯಿಂದ ಸೋಲಿಸಿ ವಿಶ್ವವಿಜೇತೆಯಾದಳು. ೨೦೨೩ರಲ್ಲಿ ದಿಲ್ಲಿಯಲ್ಲಿ, ಐವತ್ತೆರಡು ಕಿಲೋದಿಂದ ಐವತ್ತಕ್ಕೆ ಇಳಿದು, ಮತ್ತೆ ಗೆದ್ದಳು. ತೂಕದ ವರ್ಗ ಬದಲಿಸಿ, ಸ್ವದೇಶದ ಜನರ ನಿರೀಕ್ಷೆಯ ಭಾರ ಹೊತ್ತು ಪಡೆದ ಎರಡನೆಯದೇ ಕಠಿಣವೆಂದು ವಾದಿಸುವವರಿದ್ದಾರೆ. ಅವರ ವಾದ ದುರ್ಬಲವೇನೂ ಅಲ್ಲ. ಆದರೆ ೨೦೧೯ರ ಡಿಸೆಂಬರಿನಲ್ಲಿ, ಒಲಿಂಪಿಕ್ ಅರ್ಹತಾ ಪಂದ್ಯಕ್ಕಾಗಿ ನಡೆದ ಆಯ್ಕೆಯ ಕಾಳಗದಲ್ಲಿ ಮೇರಿ ಕೋಮ್ ಇದೇ ಹುಡುಗಿಯನ್ನು ೯-೧ರಿಂದ ಸೋಲಿಸಿದ್ದಳೆಂಬುದನ್ನು ನೆನೆಯಬೇಕು. ಆಯ್ಕೆಯ ಕಾಳಗ ನಡೆಯಲೇಬೇಕೆಂದು ಬಹಿರಂಗವಾಗಿ ಕೇಳಿದವಳು ನಿಖತಳೇ; ಕೇಳಿ, ಸೋತು, ಮಾತಿಗೆ ಗುರಿಯಾಗಿ ಎರಡೂವರೆ ವರ್ಷ ಕಳೆದ ಮೇಲೆ ಬಂದದ್ದು ಇಸ್ತಾಂಬುಲಿನ ಗೆಲುವು. ದಿಲ್ಲಿಯ ಪಕ್ಷದವರು ಇದಕ್ಕೇನು ಹೇಳುವರೋ, ಕೇಳಲು ಸಿದ್ಧನಿದ್ದೇನೆ.